ಛತ್ರದ ಅಡ್ವಾನ್ಸೂ ಚಿಕ್ಕಪ್ಪನ ಕುಕ್ಕರೂ

"ಇದು ಅಂತರಂಗ ಕುಕ್ಕರ್!" ಎಂದು ಶಂಭುಲಿಂಗ ಚಿಕ್ಕಪ್ಪ ಅದನ್ನು ನಡುಮನೆಯಲ್ಲಿ ಕುಕ್ಕಿದರು. "ಮನುಷ್ಯ ದುಡ್ಡು ಬಿಚ್ಚೋದು ಲೆಕ್ಕ ಹಾಕಿ ಅಲ್ಲ, ಮನಸ್ಸಿನ ಮಾತು ಕೇಳಿ. ಆಮೇಲೆ ಸುಳ್ಳು ಕಾರಣ ಹೇಳ್ತಾನೆ. ಇದು ಸೀಟಿ ಹೊಡೆದು ನಿಜ ಹೇಳುತ್ತೆ!"

ಹಳೆಯ ಕುಕ್ಕರಿಗೆ ಬಸ್ ಸ್ಟ್ಯಾಂಡಿನ ಗುಜರಿ ಮೈಕು ಜೋಡಿಸಿದ್ದರು. ಮೊದಲು ಸಿಕ್ಕಿದ್ದು ಅಮ್ಮ.

"ಅತ್ತಿಗೆ, ಅಷ್ಟೊಂದು ಪ್ಲಾಸ್ಟಿಕ್ ಡಬ್ಬಿ ಯಾಕೆ ತಗೊಂಡ್ರಿ?"

"ಬೇಕಿತ್ತು ಕಣಯ್ಯಾ."

ಕುಂಯ್ಯ್! "ಪ್ರಯಾಣಿಕರ ಗಮನಕ್ಕೆ! ಎರಡು ಕೊಂಡರೆ ಒಂದು ಫ್ರೀ ಅಂದಿದ್ದರು. ಒಂದೂ ಬೇಕಿರಲಿಲ್ಲ!"

ಅಪ್ಪಾಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ತಪ್ಪಾಯಿತು.

"ಅಣ್ಣ, ನೀಲಾಳನ್ನ ಆ ಹುಡುಗನಿಗೆ ಯಾಕೆ ಕೊಡ್ತಿದ್ದೀಯ?"

ನೀಲಾ ಅಂದರೆ ನಾನೇ. ಆ ಹುಡುಗ ತಿಂಗಳಿಂದ ಫೋನಿನಲ್ಲಿ ತನ್ನ ಬೈಕಿನ ಮೈಲೇಜು ಹೇಳುತ್ತಿದ್ದ. ನನ್ನನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವನು ಬೇಡವೆಂಬುದನ್ನು ನಾನು ಡೈರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

"ಹುಡುಗ ಒಳ್ಳೆಯವನು," ಎಂದರು ಅಪ್ಪಾಜಿ.

ಕುಂಯ್ಯ್! "ಪ್ರಯಾಣಿಕರ ಗಮನಕ್ಕೆ! ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ವಾಪಸ್ ಬರೋದಿಲ್ಲ!"

"ಮನೆತನ ದೊಡ್ಡದು!"

ಕುಂಯ್ಯ್! "ಛತ್ರ!"

"ಜಾತಕ ಕೂಡಿದೆ ಕಣೋ!"

ಕುಂಯ್ಯ್! "ಛತ್ರ! ಛತ್ರ!"

ಇಡೀ ಬೀದಿ ನಮ್ಮ ಗೇಟಿಗೆ ಬಂದು ನಿಂತಿತು. ಅಪ್ಪಾಜಿ ವೈರು ಕಿತ್ತರು. ಕುಕ್ಕರು ಕರೆಂಟಿಲ್ಲದೆಯೇ ಇನ್ನೂ ಜೋರಾಗಿ ಕೂಗಿತು.

"ಇಷ್ಟು ದೂರ ಬಂದಾಗಿದೆ! ಈಗ ಬೇಡ ಅಂದ್ರೆ ಕೊಟ್ಟಿದ್ದೆಲ್ಲ ಹೋಗುತ್ತೆ!" ಅಪ್ಪಾಜಿ ಚೀರಿದರು.

ನಾನು ಎದ್ದು ನಿಂತೆ.

"ಅದು ಆಗಲೇ ಹೋಗಿದೆ ಅಪ್ಪಾಜಿ. ನಾನು ಮದುವೆಯಾದ್ರೂ ಆ ದುಡ್ಡು ಬರಲ್ಲ, ಆಗದಿದ್ರೂ ಬರಲ್ಲ. ಅದರ ಹಿಂದೆ ನನ್ನನ್ನೂ ಯಾಕೆ ಕಳಿಸ್ತೀರಿ? ನನಗೆ ಆ ಹುಡುಗ ಬೇಡ."

ಎಲ್ಲರೂ ಕುಕ್ಕರಿನತ್ತ ನೋಡಿದರು. ಸೀಟಿ ಬರಲಿಲ್ಲ.

"ಕೆಟ್ಟೋಯ್ತೇನೋ ಶಂಭು?" ಅಪ್ಪಾಜಿಯ ದನಿಯಲ್ಲಿ ಆಸೆಯಿತ್ತು.

"ಇಲ್ಲಣ್ಣ. ನಿಜಕ್ಕೆ ಸೀಟಿ ಇಲ್ಲ."

"ಹಾಗಾದ್ರೆ ಈ ದರಿದ್ರಾನ ನೀನು ಯಾಕೋ ಮಾಡ್ದೆ?"

"ಲೋಕಕಲ್ಯಾಣಕ್ಕೆ!"

ಕುಂಯ್ಯ್ಯ್! "ಗುಜರಿ ಮೈಕು ಕೊಂಡಾಗಿತ್ತು!" ಎಂದು ಅರಚಿ ಕುಕ್ಕರು ಛಂಗನೆ ಹಾರಿ ಫ್ಯಾನಿಗೆ ಸಿಕ್ಕಿಕೊಂಡು, "ಗಮನಕ್ಕೆ! ಗಮನಕ್ಕೆ!" ಎನ್ನುತ್ತ ಗಿರಗಿರ ತಿರುಗಿ ಸ್ತಬ್ಧವಾಯಿತು.

ಮದುವೆ ನಿಂತಿತು. ಆದರೂ ಮುಹೂರ್ತದ ದಿನ ಅಪ್ಪಾಜಿ ರೇಷ್ಮೆ ಪಂಚೆಯುಟ್ಟು ನಮ್ಮನ್ನೆಲ್ಲ ಛತ್ರಕ್ಕೆ ಕರೆದೊಯ್ದರು. ಎಲ್ಲ ಫ್ಯಾನುಗಳನ್ನೂ ಹಾಕಿಸಿ, ಖಾಲಿ ಸಭಾಂಗಣದ ನಡುವೆ ಸಂಜೆಯವರೆಗೆ ಕೂತರು. "ಅಡ್ವಾನ್ಸ್ ಕೊಟ್ಟಿದ್ದೀವಲ್ಲ!" ಎಂದರು.

ಗಾಳಿ ಚೆನ್ನಾಗಿತ್ತು.