ಅಪ್ಪನ ಟವೆಲ್, ಅಪ್ಪನ ಹಲ್ಲು

ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ಸೀಟು ಟಿಕೆಟಿನಿಂದ ಸಿಗುವುದಿಲ್ಲ, ಟವೆಲ್ಲಿನಿಂದ ಸಿಗುತ್ತದೆ. ಹೊರಗೆ ನಿಂತು ಕಿಟಕಿಯೊಳಗೆ ಟವೆಲ್ ಎಸೆದರೆ ಅದು ಬಿದ್ದ ಸೀಟು ನಮ್ಮದು. ಆಮೇಲೆ ಬಾಗಿಲಲ್ಲಿ ನೂಕಾಡಿ ಪುರುಸೊತ್ತಾಗಿ ಹತ್ತಬಹುದು. ಈ ಕಾಯ್ದೆಯನ್ನು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಯಾರೂ ಮುರಿಯುವುದಿಲ್ಲ. ದಿನಾ ಇಲ್ಲಿಂದ ಶಹಾಪುರದ ಕಚೇರಿಗೆ ಓಡಾಡುವ ನನ್ನಂಥ ಗುಮಾಸ್ತನಿಗೆ, ಅದರಲ್ಲೂ ನಮ್ಮಪ್ಪನಂಥ ಅಪ್ಪ ಇರುವವನಿಗೆ, ನಗುವ ಪ್ರಸಂಗಗಳಿಗೆ ಬರಗಾಲವಿಲ್ಲ. ನಗು ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ.

ಯಾರದೋ ತಲೆ

ಅಪ್ಪ ಕೊಂಕಲ್ ಕಡೆ ಮಾಸ್ತರಿಕೆ ಮಾಡಿ ರಿಟೈರ್ ಆದವನು. ಟವೆಲ್ ಎಸೆಯುವುದರಲ್ಲಿ ಅವನದು ಎತ್ತಿದ ಕೈ. ಎಂಥಾ ಗದ್ದಲದಲ್ಲೂ ಬೇಕಾದ ಕಿಟಕಿ, ಬೇಕಾದ ಸೀಟು. ಈ ವಿದ್ಯೆ ನನಗೆ ಹತ್ತಲಿಲ್ಲ. ಒಮ್ಮೆ ಅಪ್ಪನ ಎದುರಿಗೇ ನಾನು ಎಸೆದ ಕರ್ಚೀಫು, ಒಳಗೆ ಆಗಲೇ ಕುಳಿತಿದ್ದ ಹಿರಿಯರೊಬ್ಬರ ಬೋಳುತಲೆಯ ಮೇಲೆ ಬಿತ್ತು. ಅವರು ಕಿಟಕಿಯಿಂದ ಇಣುಕಿ ನನ್ನನ್ನೇ ನೋಡಿದರು. ನಾನು ಅಪ್ಪನನ್ನು ನೋಡಿದೆ.

"ನನ್ನ ಮಾರಿ ಏನ್ ನೋಡ್ತಿ? ಕಾಯ್ದೆ ಪ್ರಕಾರ ಆ ತಲಿ ಈಗ ನಿಂದು" ಎಂದ ಅಪ್ಪ.

ಡಾಕ್ಟರ ಕುರ್ಚಿ

ಅಪ್ಪನ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟ ಮೇಲೆ, ಹಲ್ಲಿನ ಸೆಟ್ ಹಾಕಿಸಲು ಶಹಾಪುರದ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಹೊರಗೆ ಜನವೋ ಜನ. ನಾನು ಚೀಟಿ ಬರೆಸುತ್ತಿದ್ದೆ. ಅಷ್ಟರಲ್ಲಿ ಅಪ್ಪ ದವಾಖಾನೆಯ ಹಿಂದೆ ಹೋಗಿ, ಕಿಟಕಿ ತೆರೆದಿದ್ದನ್ನು ಕಂಡು, ಒಳಗಿನ ಕುರ್ಚಿಗೆ ಟವೆಲ್ ಎಸೆದುಬಿಟ್ಟಿದ್ದ.

ಡಾಕ್ಟರರು ಹೊರಬಂದು, "ಯಜಮಾನ್ರೇ, ಇದು ಬಸ್ಸಲ್ಲ. ಇಲ್ಲಿ ನಂಬರ್ ಪ್ರಕಾರ" ಎಂದು ಸಿಟ್ಟಾದರು.

"ನಂಬರ್ ಚೀಟಿ ನಿನ್ನೆ ಮೊನ್ನೆ ಬಂದದ್ದರಿ, ಡಾಕ್ಟ್ರೇ. ಟವೆಲ್ ನಮ್ಮ ಮುತ್ಯಾನ ಕಾಲದ್ದು" ಎಂದ ಅಪ್ಪ.

ಡಾಕ್ಟರರು ಇನ್ನೇನೋ ಹೇಳುವವರಿದ್ದರು. ಆದರೆ ಒಳಗೆ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದ ಪೇಷಂಟು ಆಗಲೇ ಎದ್ದು, ಟವೆಲ್ ಸರಿಯಾಗಿ ಹಾಸಿ, ಪಕ್ಕಕ್ಕೆ ನಿಂತಿದ್ದ. ಅವನೂ ದಿನಾ ಬಸ್ಸಿಗೆ ಓಡಾಡುವವನೇ.

ಮುರಿದ ಎರಡು ಸಂಬಂಧ

ಹಲ್ಲು ಬಂದವು. ಹಲ್ಲಿನ ಜೊತೆ ಅಪ್ಪನ ಮಾತೂ ಗಟ್ಟಿಯಾಗಿ ವಾಪಸ್ ಬಂತು. ಇದರಿಂದ ಪೆಟ್ಟು ತಿಂದವಳು ನನ್ನ ತಂಗಿ.

ಅವಳನ್ನು ನೋಡಲು ಮೊದಲು ಬಂದವನು ಶಹಾಪುರದ ಇಂಜಿನಿಯರು. ಎಲ್ಲರಿಗೂ ಒಪ್ಪಿಗೆಯಾಗಿತ್ತು. ಚಹಾ ಕುಡಿಯುವಾಗ ಅಪ್ಪ, "ತಮ್ಮಾ, ಹತ್ತೊಂಬತ್ತರ ಮಗ್ಗಿ ಹೇಳು ನೋಡೋಣ" ಎಂದ. ಹುಡುಗ ಮೊಬೈಲ್ ತೆಗೆದ. "ಮಗ್ಗಿ ಬಾಯಾಗ ಇರಬೇಕು, ಕಿಸೆದಾಗಲ್ಲ" ಎಂದ ಅಪ್ಪ. ಅವರು ಅರ್ಧ ಚಹಾ ಬಿಟ್ಟು ಎದ್ದರು.

ಎರಡನೆಯವರು ಶಿರವಾಳದವರು. ಹುಡುಗನ ಕಾಕಾ ಅಭಿಮಾನದಿಂದ, "ನಮ್ಮೂರಾಗ ನೋಡಬೇಕ್ರಿ, ಎಲ್ಲಾ ಭಾಳ ಹಳೇ ಗುಡಿ ಅವ" ಎಂದರು.

"ಗುಡಿ ಹಳೇವಿದ್ರ ಛಲೋನೇ ಆತು. ವರ ಯಾಕ್ರಿ ಇಷ್ಟು ಹಳೇದು?" ಎಂದ ಅಪ್ಪ.

ಅಂದು ತಂಗಿ ಊಟ ಮಾಡದೆ ಮಲಗಿದಳು. ನನಗೆ ಅಪ್ಪನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಅಪ್ಪ ಮಾತ್ರ, "ನಾ ಏನ್ ಸುಳ್ಳ ಹೇಳೀನೇನು?" ಎಂದು ನನ್ನನ್ನೇ ಕೇಳಿದ. ಸುಳ್ಳು ಹೇಳುವ ಅಪ್ಪ ಇದ್ದಿದ್ದರೆ ಅವಳ ಮದುವೆ ಎಂದೋ ಆಗಿರುತ್ತಿತ್ತು.

ಸುರಪುರದ ದಾರಿ

ಮೂರನೆಯ ಹುಡುಗ ಸುರಪುರದವನು, ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ನೌಕರಿ. ತಂಗಿಯನ್ನು ನೋಡಲು ಅವರು ಬಂದ ದಿನ, ಅವ್ವ ಉಪಾಯವಾಗಿ ಅಪ್ಪನನ್ನು ನೆಂಟರೂರಿಗೆ ಸಾಗಹಾಕಿದ್ದಳು. ಹುಡುಗನಿಗೆ ತಂಗಿ ಹಿಡಿಸಿದಳು. ತಂಗಿಗೆ ಹುಡುಗ ಅದಕ್ಕಿಂತ ಹೆಚ್ಚು ಹಿಡಿಸಿದ. ಉಳಿದದ್ದು ನಾವು ಅವರ ಮನೆ ನೋಡಲು ಹೋಗುವ ಪದ್ಧತಿ. ಅದಕ್ಕೆ ಹೆಣ್ಣಿನ ಅಪ್ಪ ಹೋಗಲೇಬೇಕು. ಅಪ್ಪ, ಅವ್ವ, ನಾನು ಹೊರಡುವಾಗ ತಂಗಿ ನನ್ನ ಕೈ ಹಿಡಿದು, "ಅಣ್ಣಾ, ನನಗ ಈ ಹುಡುಗನೇ ಬೇಕು. ಅಪ್ಪನ್ನ ಬಾಯಿ ತೆಗೀಲಾಕ ಬಿಡಬ್ಯಾಡ" ಎಂದಳು. ಕಣ್ಣು ತುಂಬಿದ್ದವು. ನಾನು ಹೂಂ ಎಂದೆ. ಹರಿಯುವ ಹಳ್ಳಕ್ಕೆ ನಿಲ್ಲು ಎಂದು ಹೇಳಬಲ್ಲೆ, ಅಪ್ಪನಿಗೆ ಹೇಳಲಾರೆ.

ಬಸ್ಸಿನಲ್ಲಿ ನಿದ್ದೆ ಬಂದರೆ ನುಂಗಿಬಿಟ್ಟೇನೆಂದು ಅಪ್ಪ ಹಲ್ಲಿನ ಸೆಟ್ಟನ್ನು ಮೊದಲೇ ತೆಗೆದು ಟವೆಲ್ಲಿನ ತುದಿಗೆ ಗಂಟು ಕಟ್ಟುತ್ತಾನೆ. ಭಾರಕ್ಕೆ ಟವೆಲ್ ನೆಟ್ಟಗೆ ಹೋಗುತ್ತದೆ ಎಂಬುದು ಇನ್ನೊಂದು ಲಾಭ. ಅಂದೂ ಕಟ್ಟಿದ. ಬಸ್ ಬಂತು. ಅಪ್ಪ ಕಿಟಕಿ ನೋಡಿದ, ಬೋರ್ಡು ನೋಡಲಿಲ್ಲ. ಟವೆಲ್ ಹಾರಿ ಮೂರನೇ ಸೀಟಿನ ಮೇಲೆ ಹೂವಿನಂತೆ ಕುಳಿತುಕೊಂಡಿತು.

ಆಗ ಕಂಡಕ್ಟರ್ ಕೂಗಿದ, "ಯಾರ್ರೀ ಗುರುಮಠಕಲ್, ಗುರುಮಠಕಲ್!"

ನಾವು ಬಾಗಿಲಿಗೆ ಓಡಿದೆವು. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಬಸ್ ಅಪ್ಪನ ಹಲ್ಲು ಹೊತ್ತುಕೊಂಡು ಪೂರ್ವಕ್ಕೆ ಹೋಯಿತು. ಸುರಪುರ ಪಶ್ಚಿಮಕ್ಕಿದೆ. ಅಪ್ಪ ಮನೆಯ ಕಡೆ ತಿರುಗಿದ. ಅವ್ವ ಅವನ ರಟ್ಟೆ ಹಿಡಿದು ಸುರಪುರದ ಬಸ್ ಹತ್ತಿಸಿದಳು. ಅಷ್ಟು ಉಲ್ಲಾಸದಿಂದ ನಿಂತುಕೊಂಡು ಪ್ರಯಾಣ ಮಾಡಿದ ಅವ್ವನನ್ನು ನಾನು ನೋಡಿಯೇ ಇಲ್ಲ.

ಗಂಭೀರ ಮನುಷ್ಯ

ಹಲ್ಲಿಲ್ಲದೆ ಮಂದಿಯ ಮುಂದೆ ಬಾಯಿ ತೆರೆಯುವುದೆಂದರೆ ಅಪ್ಪನಿಗೆ ಧೋತರವಿಲ್ಲದೆ ಬಜಾರಿಗೆ ಹೋದಂತೆ. ಬೀಗರ ಮನೆಯಲ್ಲಿ ತುಟಿ ಬಿಗಿದು ಕುಳಿತ. ಬೀಗರಾಗುವವರು ಮಾತಿನ ಮನುಷ್ಯ. ಹೊಲ, ಎತ್ತು, ರಾಜಕೀಯ ಎಲ್ಲ ಹೇಳಿದರು. ಅಪ್ಪ ತಲೆಯಾಡಿಸಿದ. ಕೊನೆಗೆ ಅವರು, "ಏನೇ ಅನ್ರಿ, ನಮ್ಮ ಸುರಪುರದ ಮುಂದ ನಿಮ್ಮ ಯಾದಗಿರಿ ಒಂದು ಊರೇನ್ರಿ?" ಎಂದುಬಿಟ್ಟರು.

ಅಪ್ಪನ ಮುಖ ಕೆಂಪೇರಿತು. ಕೈ ಮೇಲೆದ್ದಿತು. ತುಟಿ ಅಲುಗಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಪ್ಪ ಆ ಕೈಯಿಂದ ಮೀಸೆ ಸವರುತ್ತಿದ್ದ.

ಊಟಕ್ಕೆ ಖಡಕ್ ಸಜ್ಜೆ ರೊಟ್ಟಿ ಬಂದವು. ಅಪ್ಪ ಬೇಡವೆಂದು ಕೈ ಮುಗಿದು ಒಂದು ಲೋಟ ಮಜ್ಜಿಗೆ ಕುಡಿದ.

ಬೀಗರು ಅವ್ವನ ಕಡೆ ತಿರುಗಿ, "ಇಂಥಾ ಗಂಭೀರ ಮನಿಷ್ಯಾನ್ನ ನಾ ಕಂಡಿಲ್ಲವ್ವ. ಮಾತಿನ ಚಟ ಇಲ್ಲ, ಊಟದ ಆಶಾ ಇಲ್ಲ. ಇವ್ರ ಮಗಳು ಅಂದಮ್ಯಾಲ ಇನ್ನೇನ್ ಕೇಳೋದದ? ಸಕ್ಕರಿ ಹಂಚ್ರಿ!" ಎಂದರು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಕ್ಕರೆ ಹಂಚಲಾಯಿತು. ಅಪ್ಪನಿಗೂ ಕೊಟ್ಟರು, ಅದಕ್ಕೆ ಹಲ್ಲು ಬೇಡ.

ಟವೆಲ್ಲಿನ ಮರ್ಯಾದೆ

ಸಂಜೆ ಯಾದಗಿರಿಯಲ್ಲಿ ಇಳಿದಾಗ ಗುರುಮಠಕಲ್ ಬಸ್ಸಿನ ಕಂಡಕ್ಟರ್ ಟವೆಲ್ ಹಿಡಿದು ನಿಂತಿದ್ದ. ಗಂಟು ಬಿಚ್ಚಿರಲಿಲ್ಲ.

"ಮಂದಿ ಗುರುಮಠಕಲ್ ತನಕಾ ನಿಂತು ಹೋದ್ರು, ಮಾಸ್ತರ್, ಆ ಸೀಟಿಗಿ ಒಬ್ರೂ ಕುಂದರಲಿಲ್ಲ. ಬರುವಾಗ ತೆಲುಗು ಮುದುಕಿ ಒಬ್ಬಾಕಿ ಕುಂದರಾಕ ಹೋಗಿ, ಟವೆಲ್ ನೋಡಿ ತಾನೇ ಸರಿದು ನಿಂತಳು."

ಅಪ್ಪ ನಳದ ಕೆಳಗೆ ಹಲ್ಲು ತೊಳೆದು ಹಾಕಿಕೊಂಡ. ಇಡೀ ದಿನ ಕಳೆದ ಮೇಲೆ ಅವನ ಮೊದಲ ಮಾತು ಹೊರಬಂತು.

"ಯಾದಗಿರಿ ಒಂದು ಊರೇನು ಅಂತಾನ! ಸುರಪುರಕ್ಕ ಇನ್ನೊಂದು ಬಸ್ ಅದ ಏನು ಈಗ?"

ಮದುವೆಯ ಮುಂಜಾನೆ

ಮದುವೆ ಸುರಪುರದಲ್ಲೇ. ಎಲ್ಲರೂ ಹೋಗಲು ಬಾಡಿಗೆ ಗಾಡಿ ಹೇಳಿದ್ದೆವು. ಬೀಗರಿಗೆ ಕೊಡಬೇಕಾದ ಉತ್ತರವನ್ನು ಅಪ್ಪ ವಾರದಿಂದ ತಯಾರು ಮಾಡಿದ್ದ, ನನಗೂ ಒಪ್ಪಿಸಿದ್ದ. ಉತ್ತರ ಬಹಳ ಚೆನ್ನಾಗಿತ್ತು. ತಾಳಿ ಕಟ್ಟುವ ಮೊದಲು ಹೇಳುವಂಥದ್ದಲ್ಲ.

ಮುಂಜಾನೆ ಗಾಡಿ ಬಂದು ನಿಂತಿತು. ಅಪ್ಪ ಮನೆಯೆಲ್ಲ ಹುಡುಕುತ್ತಿದ್ದ. ಹಲ್ಲಿನ ಸೆಟ್ ಇರಲಿಲ್ಲ. ಟವೆಲ್ಲೂ ಇರಲಿಲ್ಲ. ಅಷ್ಟರಲ್ಲಿ ಅವ್ವ ಹೊಸ ಇಳಕಲ್ ಸೀರೆಯಲ್ಲಿ, ಬೆವರು ಒರೆಸಿಕೊಳ್ಳುತ್ತಾ ಹೊರಗಿನಿಂದ ಬಂದಳು.

"ಇಷ್ಟೊತ್ತಿನ್ಯಾಗ ಎಲ್ಲಿಗಿ ಹೋಗಿದ್ದೀ ಅವ್ವಾ?" ಎಂದು ಕೇಳಿದೆ.

"ಬಸ್ ಸ್ಟ್ಯಾಂಡಿಗಿ" ಎಂದಳು ಅವ್ವ. "ಗುರುಮಠಕಲ್ ಬಸ್ಸಿನ್ಯಾಗ ನಿಮ್ಮಪ್ಪಗ ಸೀಟ್ ಹಿಡಿದು ಬಂದೀನಿ."