ಮಾವನ ಮನೆಯ ಸ್ಲ್ಯಾಬಿಗೆ ಹಿರಿಯಳಿಯನ ಸೇಫ್ಟಿ

ಸುರಕ್ಷತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಹೀರಾಬಾದಿನಿಂದ ನಾರಾಯಣಖೇಡಿಗೆ ಹೋಗುವ ಬಸ್ಸಿನ ಕಂಡಕ್ಟರ್ ನಾನು. ಬಾಗಿಲಿಗೆ ಜೋತುಬಿದ್ದವರನ್ನು ಬೈದು ಬೈದು ಒಳಗೆ ತಳ್ಳಿದ ಅನುಭವ ನನ್ನದು. ಅಂಥವನಿಗೆ ಮಾವನ ಮನೆ ಕಟ್ಟುವಲ್ಲಿ ಹಾಗಾಗಬಾರದಿತ್ತು. ಆಯಿತು!

ತೆಲಂಗಾಣ ಹೋರಾಟ ಜೋರಾಗಿದ್ದ ದಿನಗಳವು. ಬಸ್ಸುಗಳು ನಿಂತಿದ್ದವು, ಮುಷ್ಕರದಲ್ಲಿದ್ದ ನಾನೂ ಮನೆಯಲ್ಲಿ ಕೂತಿದ್ದೆ. ಝರಾಸಂಗಂನಲ್ಲಿ ಮಾವನವರ ಹೊಸ ಮನೆಗೆ ಸ್ಲ್ಯಾಬ್ ಹಾಕಬೇಕಿತ್ತು, ಆದರೆ ಕೂಲಿಯವರು ಜಹೀರಾಬಾದಿನಿಂದ ಬರುವಂತಿರಲಿಲ್ಲ. ಮೇಸ್ತ್ರಿ ಮಾತ್ರ ಊರವನೇ. “ನೆಂಟರೆಲ್ಲ ಕೂಡಿ ಬುಟ್ಟಿ ಹೊರೋಣು, ಬರ್ರಿ” ಎಂದು ಮಾವ ಫೋನ್ ಮಾಡಿದರು. ನನಗೋ ಖುಷಿ! ಸ್ಲ್ಯಾಬಿನ ಮೇಲೆ ಕಾಯಿ ಒಡೆದು ಮೊದಲ ಬುಟ್ಟಿ ಸುರಿಯುವ ಮರ್ಯಾದೆ ಆ ಮನೆಯಲ್ಲಿ ಅಳಿಯನದು. ಹಿರಿಯ ಅಳಿಯ ನಾನು. ಮಾತು ಮುಗಿಯಿತಲ್ಲ!

ಮುಗಿದಿರಲಿಲ್ಲ. ಕಿರಿಯ ಅಳಿಯನೂ ಬಂದಿದ್ದ.

ನನ್ನ ಷಡ್ಡಕ ಶಿವರಾಜ, ಅಂದರೆ ಹೆಂಡತಿಯ ತಂಗಿಯ ಗಂಡ, ತಾಂಡೂರಿನ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಬೈಕಿನಿಂದ ಇಳಿದವನೇ ಚೀಲ ಬಿಚ್ಚಿದ. ಹಳದಿ ಹೆಲ್ಮೆಟ್, ಕೈಗವಸು, ಮೊಣಕಾಲುದ್ದದ ಬೂಟು, ಸೊಂಟಕ್ಕೆ ಬೆಲ್ಟು, ಬೆಲ್ಟಿಗೊಂದು ಹಗ್ಗ! ಅತ್ತೆ ಬಾಗಿಲಲ್ಲಿ ನಿಂತು ಕಣ್ಣರಳಿಸಿದರು.

“ಅಯ್ಯ ನಮ್ಮವ್ವ! ಸಣ್ಣಳಿಯಾಂದ್ರು ಎಷ್ಟು ಛಂದ ಕಾಣಸ್ತಾರ ನೋಡ್ರಿ!”

ಮದುವೆಯಲ್ಲಿ ನಾನು ಸೂಟು ಹಾಕಿ ನಿಂತಾಗಲೂ ಅವರ ಬಾಯಿಂದ ಈ ಮಾತು ಬಂದಿರಲಿಲ್ಲ. ಹೊಟ್ಟೆ ಧಗಧಗ ಉರಿಯಿತು. ಮಾವ ಅದಕ್ಕೆ ಸೀಮೆಎಣ್ಣೆ ಸುರಿದರು.

“ಮ್ಯಾಲ ಎಲ್ಲಾ ಕಬ್ಬಿಣದ ಸಳಿ ಕಟ್ಯಾರ. ಕಾಲು ಸಿಕ್ಕೊಂಡ್ರ ಕಷ್ಟ. ಯಾರು ಹುಷಾರಿಲೆ ಏರ್ತಾರ, ಅವರೇ ಕಾಯಿ ಒಡೀಲಿ.”

ಅಂದರೆ ಹಿರಿತನಕ್ಕೆ ಬೆಲೆಯಿಲ್ಲ, ಹೆಲ್ಮೆಟ್ಟಿಗೆ ಇದೆ! ಬಿಡುವೆನೇ? ಒಳಕೋಣೆ ಹೊಕ್ಕು ಸುರಕ್ಷತಾ ಸಾಮಗ್ರಿಗಳ ಸಂಗ್ರಹಣಾ ಕಾರ್ಯ ಆರಂಭಿಸಿದೆ. ತಲೆಗೆ ನನ್ನ ಬೈಕಿನ ಕಪ್ಪು ಹೆಲ್ಮೆಟ್, ಮುಖದ ಗಾಜಿನ ಸಮೇತ. ಕೈಗಳಿಗೆ ಮಾವನವರ ಉಣ್ಣೆಯ ಕಾಲುಚೀಲ. ದಪ್ಪ ಬಟ್ಟೆ ಮೈ ಕಾಯುತ್ತದೆಂದು, ಕೆಲಸಕ್ಕೆ ತಂದಿದ್ದ ಹಳೆಯ ಖಾಕಿ ಯೂನಿಫಾರ್ಮು. ಹೆಲ್ಮೆಟ್ಟಿನೊಳಗೆ ತುಟಿಗೆ ಸೀಟಿ ಬೇರೆ! ಅದಿಲ್ಲದೆ ನನಗೆ ಗಾಂಭೀರ್ಯ ಬರುವುದಿಲ್ಲ.

ಉಳಿದದ್ದು ಹಗ್ಗ. ಶಿವರಾಜ ತನ್ನದನ್ನು ಮೇಲೆ ಹೋಗಿ ಕಂಬದ ಸಳಿಗೆ ಬಿಗಿಯುವವನಿದ್ದ. ಆದರೆ ಮೇಲೆ ಹೋಗುವ ಮೊದಲೇ ಸುರಕ್ಷಿತನಾಗಿರುವುದು ಜಾಣತನವಲ್ಲವೇ? ನಾನು ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ಕೆಳಗೆ, ಎಮ್ಮೆ ಕಟ್ಟಿದ ಗೂಟಕ್ಕೇ ಬಿಗಿದೆ.

ಹೆಂಡತಿ ಮಹಾದೇವಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. “ರೀ, ಹಗ್ಗ ಮ್ಯಾಲ ಕಟ್ಟಬೇಕಲ್ರೀ? ಕೆಳಗ ಕಟ್ಟಿದ್ರ ಏನು ಹಿಡೀತದ?”

ಸೀಟಿ ತೆಗೆದು ಹೇಳಿದೆ: “ನೀ ಸುಮ್ಮನಿರು. ಗೂಟ ಗಟ್ಟಿ ಅದ.”

“ಗೂಟ ಗಟ್ಟಿ ಅದ. ಎಮ್ಮಿ?”

ಇಂಥ ಸಣ್ಣಪುಟ್ಟ ಪ್ರಶ್ನೆಗಳಿಗೆ ಉತ್ತರಿಸುವ ಹೊತ್ತು ಅದಾಗಿರಲಿಲ್ಲ.

ಏಣಿಯ ಬುಡದಲ್ಲೇ ಮೇಸ್ತ್ರಿ ಮೊದಲ ಬುಟ್ಟಿಗೆಂದು ಸಿಮೆಂಟು, ಮರಳು, ಜಲ್ಲಿ ಕಲಸಿಟ್ಟಿದ್ದ. ಶಿವರಾಜ ಹತ್ತಿರ ಬಂದು, “ಅಣ್ಣಾ, ನನ್ನ ಹೆಲ್ಮೆಟ್ ತೊಗೋರಿ. ಆ ಗಾಜು ಉಸಿರಿಗೆ ಮಬ್ಬಾಗ್ತದ” ಎಂದ. ನೋಡಿ ಕಿಲಾಡಿಯನ್ನು! ಎಲ್ಲರೆದುರು ದೊಡ್ಡ ಮನಸ್ಸಿನವನಾಗುವ ಹುನ್ನಾರ! ನಾನು ಕೇಳಿಸದವನಂತೆ ಏಣಿ ಏರತೊಡಗಿದೆ. ನಾಲ್ಕು ಮೆಟ್ಟಿಲಿಗೆ ಗಾಜು ಮಬ್ಬಾಗಿಯೇಬಿಟ್ಟಿತು. ಕಾಣದಿದ್ದರೇನು, ಅಧಿಕಾರವಿತ್ತಲ್ಲ! ಕೆಳಗಿನವರು ದೂರ ಸರಿಯಲಿ ಎಂದು ಜೋರಾಗಿ ಸೀಟಿ ಊದಿದೆ. ಶಬ್ದ ಅರ್ಧ ಹೊರಗೆ ಹೋಯಿತು, ಅರ್ಧ ನನ್ನ ಕಿವಿಗೇ ಬಡಿಯಿತು.

ಆಗಲೇ ಹೋರಾಟದ ಮೆರವಣಿಗೆ ಡಪ್ಪು ಬಾರಿಸುತ್ತ ನಮ್ಮ ಓಣಿಗೆ ತಿರುಗಬೇಕೇ? ಅವರಿಗೆ ಕಂಡದ್ದು ಖಾಕಿ, ಕಪ್ಪು ಹೆಲ್ಮೆಟ್, ಸೀಟಿ!

“ಪೋಲೀಸ್! ಏಣಿ ಮ್ಯಾಲ ಪೋಲೀಸ್ ಹತ್ಯಾನ!”

“ಜೈ ತೆಲಂಗಾಣ!” ಎಂಬ ಕೂಗು ಮುಗಿಲು ಮುಟ್ಟಿತು. ಡಪ್ಪುಗಳೆಲ್ಲ ನನ್ನ ಕಡೆಗೇ ತಿರುಗಿದವು. ಅದೇ ಹೋರಾಟಕ್ಕಾಗಿ ಸಂಬಳ ಬಿಟ್ಟು ಕೂತವನ ಮೇಲೇ ಈ ಅಬ್ಬರ! “ನಾನೂ ನಿಮ್ಮವನೇ” ಎಂದು ಕೂಗಿದೆ. ಬಾಯಲ್ಲಿ ಸೀಟಿಯಿತ್ತು. “ಪೀಂ” ಎಂದಿತು.

ಎಮ್ಮೆಗೆ ಇಷ್ಟು ಸಾಕಾಯಿತು. ಗೂಟ ಕಿತ್ತುಕೊಂಡು ಓಡಿತು. ಗೂಟದ ಹಿಂದೆ ಹಗ್ಗ, ಹಗ್ಗದ ಹಿಂದೆ ನಾನು! ಪುಣ್ಯಕ್ಕೆ ನಾನು ಹಾಕಿದ ಗಂಟು ಅಲ್ಲೇ ಬಿಚ್ಚಿಕೊಂಡಿತು. ಎಮ್ಮೆ ಹೊಲದ ಕಡೆ ಹೋಯಿತು, ನಾನು ಕಲಸಿಟ್ಟ ಸಿಮೆಂಟಿನೊಳಗೆ ಬೋರಲು ಬಿದ್ದೆ.

ಮೆರವಣಿಗೆಯವರೇ ಓಡಿಬಂದು ಎತ್ತಿ ಹೆಲ್ಮೆಟ್ ಕಿತ್ತರು. “ಅರೆ! ಇವ್ರು ನಮ್ಮ ಖೇಡ್ ಬಸ್ಸಿನ ಕಂಡಕ್ಟರ್ ಸಾಬ್!” ಎಂದು ಒಬ್ಬ ನಕ್ಕ. ಉಳಿದವರು ಬಿದ್ದು ಬಿದ್ದು ನಕ್ಕರು.

“ನಗಬ್ಯಾಡ್ರಿ! ಹಸಿ ಸಿಮೆಂಟ್ ಚರ್ಮ ಸುಡ್ತದ, ಮೊದಲು ನೀರು ಹಾಕ್ರಿ!” ಎಂದು ಶಿವರಾಜ ದಡದಡ ಓಡಿ ಬಂದ. ತನ್ನ ಹೆಲ್ಮೆಟ್ಟು, ಬೆಲ್ಟು ಬಿಚ್ಚಿಟ್ಟು, ನನ್ನನ್ನು ನೀರಿನ ಡ್ರಮ್ಮಿನ ಪಕ್ಕ ಕೂರಿಸಿ, ಅಂಗಿ ಕಳಚಿಸಿ ತಂಬಿಗೆ ತಂಬಿಗೆ ನೀರು ಸುರಿದ. ಕಿವಿಯ ಹಿಂದೆಯೂ ಉಜ್ಜಿದ. ಇಡೀ ಓಣಿ ನೋಡುತ್ತಿತ್ತು.

“ಸಣ್ಣಳಿಯಾಂದ್ರು ಇದ್ದದ್ದಕ್ಕ ಛಲೋ ಆತು ನೋಡ್ರಿ” ಎಂದರು ಅತ್ತೆ. ಸಿಮೆಂಟಿಗಿಂತ ಆ ಮಾತೇ ಹೆಚ್ಚು ಸುಟ್ಟಿತು.

ಅತ್ತ ಮಾವ ಚಡಪಡಿಸುತ್ತಿದ್ದರು. “ಮುಹೂರ್ತ ಹೋಗ್ತದ! ಯಾರರ ಕಾಯಿ ಒಡೀರಿ!”

ನಾನು ಏಳಲು ಹೋದೆ. “ಇನ್ನೂ ಕುತ್ತಿಗಿ ತೊಳೀಬೇಕು, ಕೂಡ್ರಿ ಅಣ್ಣಾ” ಎಂದು ಶಿವರಾಜ ಹೆಗಲು ಒತ್ತಿ ಹಿಡಿದ. ಅಷ್ಟರಲ್ಲಿ ಮೇಲಿನಿಂದ “ಠಪ್” ಎಂದು ಸದ್ದಾಯಿತು.

ತಲೆಯೆತ್ತಿ ನೋಡಿದೆ. ಮಹಾದೇವಿ! ಸೀರೆ ಎತ್ತಿ ಕಟ್ಟಿ, ಹಳದಿ ಹೆಲ್ಮೆಟ್ ತೊಟ್ಟು, ಬೆಲ್ಟಿನ ಹಗ್ಗವನ್ನು ಕಂಬದ ಸಳಿಗೆ ಬಿಗಿದು, ಸ್ಲ್ಯಾಬಿನ ಮೇಲೆ ನೆಟ್ಟಗೆ ನಿಂತಿದ್ದಳು. ಕೈಯಲ್ಲಿ ಕಾಯಿಯ ಎರಡು ಹೋಳು.

“ಅಳಿಯಾನೇ ಒಡೀಬೇಕಂತ ಏನದ? ಹಿರಿ ಮಗಳು ಒಡದಾಳ, ಆತು! ಬುಟ್ಟಿ ಏರಸ್ರಿ!” ಎಂದು ಮಾವ ಕೂಗಿದರು.

ಇಷ್ಟು ದಿನ ನನ್ನ ಹೊಟ್ಟೆಕಿಚ್ಚು ತಾಂಡೂರಿಗೆ ಹೋಗಿ ಬರುತ್ತಿತ್ತು. ಇನ್ನು ಅದಕ್ಕೆ ಮನೆಯಲ್ಲೇ ಕೆಲಸ! ಹೋಗಲಿ, ಶಿವರಾಜನಿಗೂ ಕಾಯಿ ದಕ್ಕಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವನ ಮುಖ ಎಷ್ಟು ಸಪ್ಪಗಾಗಿರಬಹುದೆಂದು ಆಸೆಯಿಂದ ತಿರುಗಿ ನೋಡಿದೆ.

ಭೂಪ ತಂಬಿಗೆ ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದ. ನನ್ನ ಹೆಂಡತಿಗೆ ಬಿದ್ದ ಮೊದಲ ಚಪ್ಪಾಳೆಯೂ ಅವನದೇ!