ಬರಲಿರುವ ಸೊಂಟಕ್ಕೊಂದು ಪ್ಯಾಂಟು

ನಮ್ಮ ಬಡಾವಣೆಯ ಅರ್ಧದಷ್ಟು ಗಂಡಸರ ಸೊಂಟದ ಸುತ್ತಳತೆ ನನಗೆ ಬಾಯಿಪಾಠ. ಯಾರು ಊದಿದರು, ಯಾರು ಸೊರಗಿದರು, ಟೇಪು ಹಿಡಿದ ಕೂಡಲೇ ಯಾರು ಉಸಿರು ಒಳಗೆಳೆದುಕೊಂಡು ಮೋಸ ಮಾಡುತ್ತಾರೆ ಎಂಬುದೆಲ್ಲ ದರ್ಜಿಯಾದ ನನಗೆ ಗೊತ್ತು. ಗೊತ್ತಿಲ್ಲದಿದ್ದದ್ದು ನನ್ನ ಸೊಂಟವೊಂದೇ. (ಒಂದು ಟೇಪು ಸಾಲುತ್ತಿರಲಿಲ್ಲ. ಎರಡು ಟೇಪು ಗಂಟು ಹಾಕಿದರೆ ಗಂಟಿನೊಳಗೆ ಎಷ್ಟು ಹೋಯಿತೆಂದು ತಿಳಿಯುತ್ತಿರಲಿಲ್ಲ.) ಹಳೆಯ ಪ್ಯಾಂಟನ್ನು ಬಟ್ಟೆಯ ಮೇಲೆ ಹರಡಿ, ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸುವುದು ನನ್ನ ಪದ್ಧತಿ. ಹೀಗೆ ಸುಖವಾಗಿ ಅಗಲವಾಗುತ್ತಿದ್ದವನಿಗೆ, ಹೊಟ್ಟೆಯ ಚೀಲವನ್ನು ಕತ್ತರಿಸಿ ಚಿಕ್ಕದು ಮಾಡಿ ಹೊಲಿಯಬೇಕು ಎಂದುಬಿಟ್ಟರು ಡಾಕ್ಟರು.

ಬೇರೆಯವರಾದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಆದರೆ ಕತ್ತರಿ ಹಿಡಿದು ಬದುಕಿದವನಿಗೆ ಕತ್ತರಿಯ ಮೇಲೆ ನಂಬಿಕೆ ಇರುವುದಿಲ್ಲ. "ಅಯ್ಯೋ, ಸ್ವಲ್ಪ ಜಾಸ್ತಿ ಹೋಯ್ತಲ್ಲ" ಎಂದು ನಾನು ಗಿರಾಕಿಗಳಿಗೆ ಕೇಳಿಸದಂತೆ ಎಷ್ಟು ಸಲ ಗೊಣಗಿಕೊಂಡಿಲ್ಲ!

"ಸಾರ್, ಟ್ರಯಲ್ ನೋಡೋದು ಅಂತ ಏನಾದ್ರೂ ಇರುತ್ತಾ?" ಎಂದು ಡಾಕ್ಟರನ್ನು ಕೇಳಿದೆ.

"ಇಲ್ಲ."

"ಆಮೇಲೆ ಬಿಚ್ಚಿ ಅಗಲ ಮಾಡೋ ಹಾಗೆ ಒಳಗೆ ಒಂದಿಷ್ಟು ಬಿಟ್ಟಿರ್ತೀರಾ?"

"ಇಲ್ರೀ. ಕತ್ತರಿಸಿದ್ದು ಹೋಯ್ತು ಅಷ್ಟೇ. ಹೆದರಬೇಡಿ, ಹೊರಗೆ ಕಾಣೋದು ಗುಂಡಿ ತೂರಿಸೋ ಕಾಜಾದಷ್ಟು ಅಗಲದ ನಾಲ್ಕೈದು ತೂತು."

ಕಾಜಾ ಹಾಕುವ ನಮ್ಮ ಅಂಗಡಿಯ ಹುಡುಗಿ ವಾರಕ್ಕೊಮ್ಮೆಯಾದರೂ ಕಾಜಾವನ್ನು ತಪ್ಪು ಜಾಗದಲ್ಲಿ ಹಾಕುತ್ತಾಳೆ.

ಮನೆಗೆ ಬಂದವನೇ ಹೆಂಡತಿಗೆ ಖಡಾಖಂಡಿತವಾಗಿ ಹೇಳಿದೆ. "ನಾನು ಇದ್ದ ಹಾಗೇ ಇರ್ತೀನಿ ಕಣೇ. ನನಗೆ ಆಪರೇಷನ್ ಬೇಡ."

"ಬೇಡ್ವಾ? ಸರಿ, ಬಿಡಿ. ಆದ್ರೆ ಇವತ್ತಿಂದ ಕಾವಲು ನಿಮ್ದು, ನಿದ್ದೆ ನಂದು."

ವಿಷಯ ಏನೆಂದರೆ, ನಿದ್ದೆಯಲ್ಲಿ ನನ್ನ ಗೊರಕೆ ನಡುನಡುವೆ ನಿಂತುಹೋಗುತ್ತದೆ. ಗೊರಕೆಯ ಜೊತೆಗೆ ಉಸಿರೂ ನಿಲ್ಲುತ್ತದೆ. ಆಗ ಅವಳು ಪಕ್ಕೆಗೆ ತಿವಿದು ಮತ್ತೆ ಚಾಲೂ ಮಾಡುತ್ತಾಳೆ. ಬೇರೆ ಹೆಂಡತಿಯರು ಗಂಡ ಗೊರಕೆ ಹೊಡೆದರೆ ಎದ್ದು ಕೂರುತ್ತಾರೆ, ನನ್ನವಳು ಗೊರಕೆ ನಿಂತರೆ ಎದ್ದು ಕೂರುತ್ತಾಳೆ.

"ಒಂದಿನ ನನಗೇ ಜೋರಾಗಿ ನಿದ್ದೆ ಬಂದುಬಿಟ್ರೆ ಏನ್ರೀ ಗತಿ?" ಎಂದಳು. ಜಗಳದ ದನಿಯಲ್ಲೇ ಹೇಳಿದಳು, ಆದರೆ ನನ್ನ ಮುಖ ನೋಡಲಿಲ್ಲ. ನನಗೆ ತುಂಬಾ ಸಂಕಟವಾಯಿತು. ಒಪ್ಪಿಕೊಂಡೆ.

ಒಪ್ಪಿದ ಮೇಲೆ ಶುರುವಾಯಿತು ದೇಹಶುದ್ಧಿ. ಲಿವರು ಕುಗ್ಗಬೇಕಂತೆ, ಇಲ್ಲದಿದ್ದರೆ ಕತ್ತರಿಗೆ ಅಡ್ಡ ಬರುತ್ತದಂತೆ. ಅದಕ್ಕಾಗಿ ಬರೀ ನೀರಾಹಾರ: ತಿಳಿ ಸೂಪು, ಕೆನೆಯಿಲ್ಲದ ಹಾಲು, ಮತ್ತೆ ಅದೇ ಸೂಪು. ಜೊತೆಗೆ ಶ್ವಾಸಕೋಶ ಗಟ್ಟಿಯಾಗಲೆಂದು ಮೂರು ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟರು. ಕೊಳವೆ ಬಾಯಿಗಿಟ್ಟು ಉಸಿರೆಳೆದರೆ ಚೆಂಡುಗಳು ಮೇಲೇರಬೇಕು. ನನ್ನ ಮೊದಲ ಚೆಂಡು ಎದ್ದು ನಿಂತು, ಉಳಿದ ಎರಡರ ಮುಖ ನೋಡಿ, ಮತ್ತೆ ಮಲಗಿಕೊಳ್ಳುತ್ತಿತ್ತು. ಹಸಿವು ಹೇಗಿತ್ತೆಂದರೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೂಡ ಬಿಸ್ಕತ್ತಿನಂತೆ ಕಾಣತೊಡಗಿತು. (ನೆಕ್ಕಿ ನೋಡಿದೆ. ಬಿಸ್ಕತ್ತಲ್ಲ.)

ಇದರ ನಡುವೆ ಧೈರ್ಯ ಹೇಳಲೆಂದು ನನ್ನ ಷಡ್ಡಕನ ಫೋನು. ಅವನು ಬಸ್ ಡ್ರೈವರು.

"ಏನೂ ಹೆದರ್ಬೇಡಿ ಅಣ್ಣ. ನಮ್ಮ ಡಿಪೋದಲ್ಲಿ ಒಬ್ಬರಿಗೆ ಇದೇ ಆಪರೇಷನ್ ಆಗಿತ್ತು."

"ಹೌದಾ? ಈಗ ಹೇಗಿದ್ದಾರಪ್ಪಾ?"

"ಗೊತ್ತಿಲ್ಲ. ಆಮೇಲೆ ನಾವ್ಯಾರೂ ಅವರನ್ನ ನೋಡೇ ಇಲ್ಲ."

ದೇಹದ ನಂತರ ಮನಸ್ಸಿನ ಸರದಿ. ಆಸ್ಪತ್ರೆಯಲ್ಲಿ ಒಬ್ಬರು ಸಮಾಧಾನದ ಮೇಡಂ ಇದ್ದರು. ಮಾತಾಡಿಸಿ ಮನಸ್ಸನ್ನು ಅಣಿಗೊಳಿಸುವುದು ಅವರ ಕೆಲಸ. "ಕಣ್ಮುಚ್ಚಿ. ಸಣ್ಣಗಾದ ನಿಮ್ಮನ್ನ ನೀವೇ ನೋಡಿ. ಆ ಮನುಷ್ಯನ ಜೊತೆ ಸ್ನೇಹ ಮಾಡಿಕೊಳ್ಳಿ" ಎಂದರು. ನಾನು ಕಣ್ಮುಚ್ಚಿದೆ. ದೂರದಿಂದ ಒಬ್ಬ ಸಪೂರ ಮನುಷ್ಯ ನಡೆದು ಬಂದ. ಮುಖ ನನ್ನದೇ. ಆದರೆ ಅಯ್ಯೋ ಪಾಪ, ಅವನ ಪ್ಯಾಂಟು ಜಾರುತ್ತಿತ್ತು!

ಕೂಡಲೇ ನನಗೊಂದು ದಿವ್ಯಜ್ಞಾನವಾಯಿತು. ಮನೆಗೆ ಬಂದು ಬೀರು ತೆರೆದು ನನ್ನ ಪ್ಯಾಂಟು ಷರ್ಟುಗಳನ್ನೆಲ್ಲ ಎಳೆದು ಹಾಕಿ, ಒಂದೊಂದನ್ನೇ ಬಿಚ್ಚಿ ಆ ಸಪೂರ ಮನುಷ್ಯನ ಅಳತೆಗೆ ಹಿಡಿಯತೊಡಗಿದೆ. ಹಸಿವಿಗೂ ಭಯಕ್ಕೂ ಹೊಲಿಗೆ ಯಂತ್ರದಂಥ ಮದ್ದಿಲ್ಲ. ಚಕ್ರ ತಿರುಗುವಷ್ಟು ಹೊತ್ತು ಎದೆಯ ಡವಡವ ಕೇಳಿಸುವುದಿಲ್ಲ. ಹಾಗಾಗಿ ಕೈ ನಿಲ್ಲಿಸಲೇ ಇಲ್ಲ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ!" ಎಂದು ಹೆಂಡತಿ ಬಾಗಿಲಲ್ಲೇ ನಿಂತಳು. "ರೀ, ಆಪರೇಷನ್ ಆದ ಮಾರನೇ ದಿನಕ್ಕೇ ನೀವು ಕಡ್ಡಿ ಆಗಲ್ಲ. ತಿಂಗಳುಗಟ್ಟಲೆ ಬೇಕು."

"ಮೇಡಂ ಹೇಳಿದ್ದಾರೆ, ಸ್ನೇಹ ಮಾಡ್ಕೋಬೇಕು ಅಂತ."

"ಸ್ನೇಹ ಮಾಡ್ಕೊಳ್ಳಿ, ನಿಮ್ಮ ಬಟ್ಟೆ ಎಲ್ಲಾ ಬಿಚ್ಚಿ ಅವನಿಗ್ಯಾಕೆ ಕೊಡ್ತೀರಾ? ಹೋಗ್ಲಿ, ಹೊಲಿಗೆ ಒಳಗೆ ಬಟ್ಟೆನಾದ್ರೂ ಬಿಡಿ, ಬೇಕಾದ್ರೆ ಬಿಚ್ಚಬಹುದು."

"ಡಾಕ್ಟ್ರು ಬಿಡ್ತಾರಾ? ಅವರು ಬಿಡಲ್ಲ ಅಂದ ಮೇಲೆ ನಾನೂ ಬಿಡಲ್ಲ!" ಎಂದು ಕಚಕ್ಕನೆ ಕತ್ತರಿಸಿದೆ. ಕೊನೆಗೆ ಈ ಭೂಮಂಡಲದಲ್ಲಿ ನನ್ನ ಸೊಂಟಕ್ಕೆ ಆಗುವಂಥದ್ದು ಒಂದೇ ಒಂದು ಕಂದು ಬಣ್ಣದ ಪ್ಯಾಂಟು ಉಳಿಯಿತು. ಅದನ್ನು ಹಾಕಿಕೊಂಡೇ ಆಸ್ಪತ್ರೆಗೆ ಹೋದೆ.

ಅಲ್ಲಿ ನರ್ಸಮ್ಮ ಒಂದು ಹಸಿರು ನಿಲುವಂಗಿ ಕೊಟ್ಟು ಎಲ್ಲ ಬಟ್ಟೆ ಕಳಚಲು ಹೇಳಿದರು. ಹಿಂದೆ ದಾರ ಕಟ್ಟುವ ಅಂಗಿ. ಅದನ್ನು ಕತ್ತರಿಸಿದ ಮಹಾನುಭಾವ, ಮನುಷ್ಯನಿಗೆ ಹಿಂಭಾಗವೊಂದು ಇರುತ್ತದೆ ಎಂಬುದನ್ನೇ ಮರೆತಿದ್ದ. ನನ್ನ ವಿಷಯದಲ್ಲಂತೂ ಎರಡು ದಾರಗಳೂ ಒಂದನ್ನೊಂದು ದೂರದಿಂದಲೇ ನೋಡುತ್ತಿದ್ದವು. "ಹಾಗೇ ಮಲಗಿರಿ, ಈಗ ಬರ್ತೀನಿ" ಎಂದು ನರ್ಸಮ್ಮ ಹೋದರು. ಡಾಕ್ಟರು ಬಂದರೇ ಎಂದು ಕೇಳಿ ಬರಲು ಹೆಂಡತಿಯೂ ಹೋದಳು.

ಒಬ್ಬನೇ ಆದದ್ದೇ ತಡ, ಇಷ್ಟು ದಿನ ಹೊಲಿಗೆ ಯಂತ್ರದ ಸದ್ದಿನಲ್ಲಿ ಅಡಗಿದ್ದ ಭಯವೆಲ್ಲ ಒಟ್ಟಿಗೆ ಎದ್ದಿತು. ಅವರು ಕತ್ತರಿ ಹಿಡಿದಾಗ ಯಾರಾದರೂ ಬಾಗಿಲು ಬಡಿದರೆ? ಮಂಪರಿನ ಮದ್ದು ಕೊಟ್ಟಾಗ ನನ್ನ ಉಸಿರು ನಿಂತರೆ ಪಕ್ಕೆಗೆ ತಿವಿಯುವವರು ಯಾರು? ಅವಳನ್ನು ಒಳಗೆ ಬಿಡುವುದಿಲ್ಲವಲ್ಲ! ನಾಚಿಕೆ ಬಿಟ್ಟು ಹೇಳುತ್ತೇನೆ, ಓಡಿಹೋಗಲು ನಿರ್ಧರಿಸಿದೆ.

ಮನೆಯಿಂದ ತಂದಿದ್ದ ಬಟ್ಟೆಯ ಚೀಲ ತೆರೆದೆ. ಪ್ಯಾಂಟು ಇತ್ತು. ಒಂದಲ್ಲ, ಎರಡು ಇದ್ದವು. ಎರಡೂ ಆ ಸಪೂರ ಮನುಷ್ಯನವು! ಕಂದು ಪ್ಯಾಂಟು ಮಂಚದ ಕೆಳಗೂ ಇಲ್ಲ, ಬಾಗಿಲ ಹಿಂದೂ ಇಲ್ಲ. ಸಪೂರನ ಪ್ಯಾಂಟಿನೊಳಗೆ ಕಾಲು ತೂರಿಸಿದೆ. ಮೊಣಕಾಲಿನ ತನಕ ಬಂದು, ಅಲ್ಲಿಂದ ಮೇಲೆ ಬರುವುದಿಲ್ಲವೆಂದು ಹಟ ಹಿಡಿಯಿತು. ನನ್ನ ಕೈಯ ಹೊಲಿಗೆ ನೋಡಿ, ಬಿಟ್ಟುಕೊಡಲೂ ಇಲ್ಲ.

ಕೊನೆಗೆ ಅದನ್ನೂ ಕಿತ್ತೆಸೆದು, ಎರಡೂ ಕೈಗಳಿಂದ ನಿಲುವಂಗಿಯ ಹಿಂಭಾಗವನ್ನು ಬಿಗಿಯಾಗಿ ಹಿಡಿದುಕೊಂಡು ಲಿಫ್ಟಿನವರೆಗೆ ಓಡಿದೆ. ಗುಂಡಿ ಒತ್ತಬೇಕು. ಕೈ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಪ್ರಾಣ. ಹೊಟ್ಟೆಯಿಂದಲೇ ಒತ್ತಿದೆ. ನನ್ನ ಹೊಟ್ಟೆಗೆ ಒಂದೇ ಗುಂಡಿ ಒತ್ತುವ ನಾಜೂಕು ಎಲ್ಲಿಯದು? ಕೆಳಗಿನದೂ ಮೇಲಿನದೂ ಎರಡೂ ಹೊತ್ತಿಕೊಂಡವು. ಬಾಗಿಲು ತೆರೆಯಿತು. ಒಳಗೆ ನನ್ನ ಡಾಕ್ಟರು, ಅವರ ಹಿಂದೆ ಅವರ ಇಡೀ ಪರಿವಾರ. ಎಲ್ಲರೂ ಮೇಲಿನ ಮಹಡಿಯ ಆಪರೇಷನ್ ಥಿಯೇಟರಿಗೆ ಹೊರಟಿದ್ದರು.

"ಓಹೋಹೋ! ಸ್ಟ್ರೆಚರ್ ಬರೋವರೆಗೂ ಕಾಯ್ಲಿಲ್ವಾ? ನೀವೇ ಹೊರಟ್ರಾ?" ಎಂದು ಡಾಕ್ಟರು ಕೂಗಿದರು. "ನೋಡ್ರಪ್ಪಾ, ಇದು ಧೈರ್ಯ ಅಂದ್ರೆ! ನನ್ನ ಸರ್ವೀಸಲ್ಲೇ ಇಂಥ ಪೇಷಂಟನ್ನ ನೋಡಿಲ್ಲ!"

ಪರಿವಾರ ಚಪ್ಪಾಳೆ ತಟ್ಟಿತು. ನನಗೆ "ಹ್ಞೂಂ" ಎನ್ನದೆ ಬೇರೆ ದಾರಿಯಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ ಬಂದಳು. ನನ್ನ ಮುಖ ನೋಡಿದಳು, ಬೆನ್ನು ನೋಡಿದಳು. ತನ್ನ ಹೆಗಲ ಶಾಲು ತೆಗೆದು ನನ್ನ ಸೊಂಟಕ್ಕೆ ಸುತ್ತಿದಳು. ಗಂಟು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

"ಬೇಗ ಬನ್ನಿ" ಎಂದಳು, ನಾನೇನೋ ಅಂಗಡಿಗೆ ಹೊರಟವನಂತೆ.

ಬಂದೆ. ಉಸಿರು ಎಲ್ಲೂ ನಿಲ್ಲಲಿಲ್ಲ. ಈಗ ನಿಧಾನವಾಗಿ ಕರಗುತ್ತಿದ್ದೇನೆ. ಅವಳು ಬೆಳಗಾಗುವವರೆಗೂ ನಿದ್ದೆ ಮಾಡುತ್ತಾಳೆ, ನಾನೇ ಎದ್ದು ಹಾಲು ಕಾಯಿಸುತ್ತೇನೆ. ನನ್ನ ಧೈರ್ಯದ ಕಥೆ ಮಾತ್ರ ಆಸ್ಪತ್ರೆಯ ತುಂಬ ಹಬ್ಬಿ, ಆಪರೇಷನ್ನಿಗೆ ಹೆದರುವವರಿಗೆ ಬುದ್ಧಿ ಹೇಳಲು ಸಮಾಧಾನದ ಮೇಡಂ ನನ್ನನ್ನೇ ಕರೆಸತೊಡಗಿದರು. ಮೊನ್ನೆಯೂ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದ ರೋಗಿಗಳ ಮುಂದೆ ನಿಂತು, ಭಯವೆಂಬುದು ಕೇವಲ ಮನಸ್ಸಿನ ವಿಕಾರವೆಂದು ಗಂಭೀರವಾಗಿ ಸಾರುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ದಪ್ಪ ಪೊಲೀಸಪ್ಪ ಬೆವರು ಒರೆಸಿಕೊಳ್ಳುತ್ತಾ ಎದ್ದು ನಿಂತರು.

"ಸ್ವಾಮಿ, ನಾನು ಎಂತೆಂಥ ಕಳ್ಳರನ್ನೋ ಹಿಡಿದಿದ್ದೀನಿ, ಇದಕ್ಕೆ ಮಾತ್ರ ನಡುಗ್ತಿದ್ದೀನಿ. ನಡ್ಕೊಂಡೇ ಹೋಗಿಬಿಡೋವಷ್ಟು ಧೈರ್ಯ ನಿಮಗೆ ಎಲ್ಲಿಂದ ಬಂತು?"

ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಹಿಂದಿನ ಸಾಲಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು.

"ಧೈರ್ಯ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲಪ್ಪಾ. ಅವರ ಪ್ಯಾಂಟು ಮಾತ್ರ ನನ್ನ ಕೈಚೀಲದಲ್ಲಿತ್ತು."